ಆರು ಪೆಟ್ಟಿಗೆಯ ಸಮಪಾಲು

ನಮ್ಮ ಮನೆ ಪಾಲಾದದ್ದನ್ನು ತಿಪಟೂರಿನ ನೆಂಟರಿಷ್ಟರು ಇವತ್ತಿಗೂ ಹೊಗಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಯಾರಾದರೊಬ್ಬರು ಎಲೆಗೆ ನೀರು ಚಿಮುಕಿಸುತ್ತಾ, "ಪಾಲು ಅಂದ್ರೆ ನಿಮ್ಮಣ್ಣ ತಮ್ಮಂದು ಕಣಮ್ಮ. ಒಂದು ಮಾತು ಎತ್ತರ ಆಗ್ಲಿಲ್ಲ, ಒಂದು ಕಾಯಿ ಹೆಚ್ಚುಕಮ್ಮಿ ಆಗ್ಲಿಲ್ಲ" ಅನ್ನುತ್ತಾರೆ. ನಾನು ತಲೆ ತಗ್ಗಿಸಿ ಉಪ್ಪಿನಕಾಯಿ ನೆಕ್ಕುತ್ತೇನೆ. ಬಾಯಿ ಬಿಟ್ಟರೆ ಅವರ ಮನೆಯ ಊಟ ಕೆಡುತ್ತದೆ. ಆವತ್ತು ಒಂದೇ ಒಂದು ಹೆಚ್ಚುಕಮ್ಮಿ ಆಗಿದ್ದರೆ ನಮ್ಮಪ್ಪನ ಧ್ವನಿ ಈಗಲೂ ನಮ್ಮ ಮನೆಯಲ್ಲಿ ಕೇಳಿಸುತ್ತಿತ್ತು.

ಅಪ್ಪ ಮದುವೆ ವಿಡಿಯೋ ತೆಗೆಯುತ್ತಿದ್ದವನು. ಹಿಂದೆ ಕೊಬ್ಬರಿ ಚೀಲ ಒಟ್ಟುತ್ತಿದ್ದ ಒಂದು ಉದ್ದನೆಯ ಕೋಣೆಯನ್ನು ಹಿಡಿದು ಸ್ಟುಡಿಯೋ ಮಾಡಿದ್ದ. ಎಷ್ಟು ಸಲ ಸುಣ್ಣ ಬಳಿದರೂ ಬೇಸಿಗೆ ಬಂತೆಂದರೆ ಆ ಗೋಡೆಯಿಂದ ಎಣ್ಣೆಯ ಜಿಡ್ಡು ಹೊರಗೆ ಬರುತ್ತಿತ್ತು. ಟೇಪು ಹಾಕುವ ದೊಡ್ಡ ಕ್ಯಾಮೆರಾ ಹೆಗಲ ಮೇಲೆ ಹೊತ್ತು ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಹುಳಿಯಾರು ಅಂತ ಸುತ್ತಿ, ಈ ಸೀಮೆಯ ಎಷ್ಟೋ ತೋಟದ ಮನೆಗಳ ಮದುವೆಯನ್ನು ಅವನೇ ತೆಗೆದದ್ದು. ಕ್ಯಾಮೆರಾ ಯಾವಾಗಲೂ ಅವನ ಕೈಯಲ್ಲೇ ಇದ್ದದ್ದರಿಂದ ಅವನನ್ನು ತೆಗೆಯುವವರು ಯಾರೂ ಇರಲಿಲ್ಲ. ಮನೆಯ ಗೋಡೆಗೆ ಹಾಕಿರುವ ಫೋಟೋ ಸಹ ಓಟಿನ ಕಾರ್ಡಿನಲ್ಲಿದ್ದದ್ದನ್ನು ದೊಡ್ಡದು ಮಾಡಿಸಿದ್ದು. ಅದರಲ್ಲಿ ಅವನು ಬೇರೆ ಯಾರೋ ಥರ ಕಾಣುತ್ತಾನೆ.

ಆದರೆ ಧ್ವನಿ ಇತ್ತು. ಅವನು ತೆಗೆದ ಪ್ರತಿ ಟೇಪಿನಲ್ಲೂ ಕ್ಯಾಮೆರಾ ಹಿಂದಿನಿಂದ ಅವನು ಮಾತಾಡುತ್ತಲೇ ಇರುತ್ತಿದ್ದ. "ಹಾಂ, ಹಂಗೇ ಇರಿ, ಹಂಗೇ ಇರಿ." "ಅಳಬೇಡ ಕಣವ್ವ, ಬಣ್ಣ ಇಳೀತದೆ." "ಲೇ ಭಟ್ಟ, ಒಸಿ ಆ ಕಡೆ ಸರ್ಕೊಳಯ್ಯ, ತಾಳಿ ಕಾಣ್ಬೇಕು." ಮಧ್ಯೆ ಮಧ್ಯೆ ಕೆಮ್ಮು. ಊಟದ ಹೊತ್ತಿನಲ್ಲಿ ಪಾಯಸ ಚೆನ್ನಾಗಿದ್ದರೆ ಟೇಪಿಗೇ ಹೇಳಿಬಿಡುತ್ತಿದ್ದ. ಬೇರೆ ಸ್ಟುಡಿಯೋದವರು ಆ ಮಾತನ್ನೆಲ್ಲ ಅಳಿಸಿ ಸಿನಿಮಾ ಹಾಡು ತುಂಬಿಸಿ ಕೊಡುತ್ತಿದ್ದರು. ಅಪ್ಪ ಗಿರಾಕಿಗೆ ಕೊಡುವ ಟೇಪಿನಲ್ಲಿ ಹಾಡು ಹಾಕಿದರೂ ಮೂಲ ಟೇಪನ್ನು ಮಾತಿನ ಸಮೇತ ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದ.

ಅವನು ಹೋದ ಮೇಲೆ ಅಣ್ಣ ಸ್ಟುಡಿಯೋ ಹಿಡಿದ, ತಮ್ಮನೂ ಸೇರಿಕೊಂಡ. ಆ ಹೊತ್ತಿಗೆ ನಾನು ಗಂಡನ ಮನೆ ಬಿಟ್ಟು ಬಂದು ತವರು ಸೇರಿದ್ದೆ. ಯಾಕೆ ಬಿಟ್ಟೆ ಅನ್ನುವುದು ಇಲ್ಲಿ ಬೇಡ. ಬೇಕಾದವರು ತಿಪಟೂರಿನಲ್ಲಿ ಯಾರನ್ನು ಕೇಳಿದರೂ ನನಗಿಂತ ಚೆನ್ನಾಗಿ ಹೇಳುತ್ತಾರೆ. ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತಿದ್ದೆ. ಅದು ಮುಚ್ಚಿಹೋದಾಗ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಎಡಿಟಿಂಗ್‌ಗೆ ಕೂತೆ. ಮುಂದಿನ ಕೌಂಟರಿನಲ್ಲಿ ಅಣ್ಣ ತಮ್ಮಂದಿರು, ಹಿಂದೆ ನಾನು. ಗಿರಾಕಿಗಳಿಗೆ ನಾನು ಇದ್ದೀನೆಂದೇ ಗೊತ್ತಿರಲಿಲ್ಲ.

ಹೀಗಿರುವಾಗ ಒಂದು ಹಾರ್ಡ್ ಡಿಸ್ಕ್ ಸತ್ತುಹೋಯಿತು. ಬಿಳಿಗೆರೆ ಕಡೆಯವರ ಮದುವೆ, ಇನ್ನೂ ಕೊಟ್ಟಿರಲಿಲ್ಲ, ಪೂರ್ತಿ ಅದರಲ್ಲೇ ಇತ್ತು. ಹುಡುಗಿಯ ತಂದೆ ಬಂದು ಸ್ಟುಡಿಯೋದ ಬೆಂಚಿನ ಮೇಲೆ ಕೂತು, "ಇನ್ನೊಂದ್ಸಲ ಮದ್ವೆ ಮಾಡಾಣ ಅಂತೀಯೇನಪ್ಪ?" ಅಂತ ಅಣ್ಣನನ್ನು ಕೇಳಿದರು. ಅವರು ಎದ್ದು ಹೋದ ಮೇಲೆ ನಾನು, ಒಂದು ಕಂಪ್ಯೂಟರ್ ಕೆಟ್ಟರೂ ಏನೂ ಹೋಗದ ಹಾಗೆ ಮಾಡಿಕೊಡುತ್ತೇನೆ, ಹಳೆಯ ಟೇಪುಗಳನ್ನೂ ಅದರೊಳಗೆ ತುಂಬಿಸಿಬಿಡುತ್ತೇನೆ ಅಂದೆ. ಬೆಂಗಳೂರಿನ ಒಂದು ಕಂಪನಿಯವರು ಸರ್ವರ್‌ಗೆ ಹೇಳಿದ ರೇಟು ಕೇಳಿ ಅಣ್ಣ ಆಗಲೇ ನಕ್ಕುಬಿಟ್ಟಿದ್ದ. ಅದೆಲ್ಲ ಬೇಡ, ಗುಜರಿಗೆ ಹೋಗುವ ಕಂಪ್ಯೂಟರು ಸಾಕು, ಸಾಫ್ಟ್‌ವೇರಿಗೆ ದುಡ್ಡೇ ಕೊಡಬೇಕಾಗಿಲ್ಲ ಅಂದೆ.

"ಪುಕ್ಕಟೆನಾ?" ಅಂದ ಅಣ್ಣ. "ಪುಕ್ಕಟೆ ಸಿಗೋ ಸಾಮಾನು ಎಷ್ಟು ದಿನ ಬಾಳ್ತದೆ?"

ಅವನ ತಲೆಯಲ್ಲಿ ಆ ಮಾತು ಆವತ್ತು ಕೂತದ್ದು ಇವತ್ತಿನವರೆಗೆ ಎದ್ದಿಲ್ಲ.

ಯಾವುದೋ ಕಾಲೇಜಿನವರು ಲ್ಯಾಬಿನಿಂದ ತೆಗೆದು ಬಿಸಾಡಿದ ಹಳೆಯ ಸಿಪಿಯುಗಳು ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಆ ರಾಶಿಯಲ್ಲಿ ಕೂತು ಒಂದೊಂದನ್ನೇ ಬಿಚ್ಚಿ, ಎರಡನ್ನು ಸೇರಿಸಿ ಒಂದು ಮಾಡುತ್ತಾ, ಆರು ಪೆಟ್ಟಿಗೆ ಎಬ್ಬಿಸಿದೆ. ಡಿಸ್ಕ್ ಮಾತ್ರ ಹೊಸದು. ತೆಂಗಿನ ರೀಪರು ಹೊಡೆಸಿ ಒಂದು ಚೌಕಟ್ಟು ಮಾಡಿಸಿ, ಆರನ್ನೂ ಅದರಲ್ಲಿ ಸಾಲಾಗಿ ಕೂರಿಸಿದೆ. ನಮ್ಮೂರಿನ ಗಾಳಿಯಲ್ಲಿ ನಾರಿನ ಧೂಳು ಎಷ್ಟಿರುತ್ತದೆಂದು ಇಲ್ಲಿದ್ದವರಿಗೇ ಗೊತ್ತು. ಫ್ಯಾನು ಅದನ್ನೆಲ್ಲ ಒಳಕ್ಕೆ ಎಳೆದು ಉಂಡೆ ಕಟ್ಟಿಬಿಡುತ್ತಿತ್ತು. ಅಮ್ಮನ ಹಳೆಯ ತೆಳುವಾದ ಸೀರೆ ಹರಿದು ಪ್ರತಿ ಫ್ಯಾನಿನ ಮುಂದೆ ಕಟ್ಟಿದೆ. ವಾರಕ್ಕೊಂದು ಸಲ ಬಿಚ್ಚಿ ಒಗೆಯುತ್ತಿದ್ದೆ. ಹೋಗಿ ಬಂದು ಮಾಡುವ ಕರೆಂಟಿಗೆ ಆಟೋದ ಬ್ಯಾಟರಿಗಳನ್ನು ಇನ್ವರ್ಟರಿಗೆ ಸೇರಿಸಿದೆ.

ಮೇಲೆ ಹಾಕಿದ್ದು ಲಿನಕ್ಸ್, ಅದರ ಮೇಲೆ ಆರೂ ಪೆಟ್ಟಿಗೆಯನ್ನು ಒಂದಾಗಿಸುವ ಇನ್ನೊಂದು ಉಚಿತ ಸಾಫ್ಟ್‌ವೇರು. ಅದನ್ನು ಕಲಿಯುವಷ್ಟರಲ್ಲಿ ನನಗೆ ಸಾಕುಬೇಕಾಯಿತು. ಒಂದು ಕಡೆ ಸಿಕ್ಕಿಕೊಂಡರೆ ಇಂಟರ್ನೆಟ್ಟಿನಲ್ಲಿ ಪ್ರಶ್ನೆ ಹಾಕುತ್ತಿದ್ದೆ. ಹೆಸರು ಮುಖ ಗೊತ್ತಿಲ್ಲದ, ಯಾವ ದೇಶದವನೋ ಅವನು, ನನ್ನ ತಪ್ಪನ್ನು ಹುಡುಕಿ, ಹೀಗೆ ಮಾಡು ಅಂತ ಸಾಲುಸಾಲು ಬರೆದು ಕಳಿಸುತ್ತಿದ್ದ. ಒಂದು ಕಾಸು ಕೇಳಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು ಮಾತ್ರ ಹಿಂದಿನ ಕೋಣೆಗೆ ಬಂದು, ಏನು ಮಾಡ್ತಿದೀಯ ಅಂತ ಒಂದು ದಿನ ಕೇಳಲಿಲ್ಲ. ಕೇಳಿದ್ದರೆ ಆಮೇಲೆ ಅಷ್ಟು ಕಷ್ಟ ಆಗುತ್ತಿರಲಿಲ್ಲ.

ಒಟ್ಟಿನಲ್ಲಿ ಕೂಡಿ ಬಂತು. ಒಂದು ಕಂಪ್ಯೂಟರು ಇಡೀ ದಿನ ತಿಣುಕುತ್ತಿದ್ದ ಕೆಲಸವನ್ನು ಆರೂ ಹಂಚಿಕೊಂಡು ಮಧ್ಯಾಹ್ನದ ಊಟದೊಳಗೆ ಮುಗಿಸುತ್ತಿದ್ದವು. ಅದಕ್ಕಿಂತ ದೊಡ್ಡದು, ಏನು ಇಟ್ಟರೂ ಭದ್ರ. ನಾನು ಮಾಡಿದ್ದ ಏರ್ಪಾಡು ಇಷ್ಟೇ: ಪ್ರತಿ ವಿಡಿಯೋವನ್ನು ಅದು ನಾಲ್ಕು ತುಂಡು ಮಾಡುತ್ತದೆ. ಆ ನಾಲ್ಕರಿಂದ ಲೆಕ್ಕ ಹಾಕಿ ಇನ್ನೆರಡು ತುಂಡು ಹುಟ್ಟಿಸುತ್ತದೆ. ಆರು ತುಂಡನ್ನು ಆರು ಪೆಟ್ಟಿಗೆಯಲ್ಲಿ ಇಡುತ್ತದೆ. ಆರರಲ್ಲಿ ಯಾವ ಎರಡು ಸುಟ್ಟುಹೋದರೂ ಉಳಿದ ನಾಲ್ಕರಿಂದ ಪೂರ್ತಿ ವಿಡಿಯೋ ವಾಪಸು ಬರುತ್ತದೆ. ನಾಲ್ಕಕ್ಕಿಂತ ಕಮ್ಮಿಯಾದರೆ ಏನೂ ಬರುವುದಿಲ್ಲ.

ಇದನ್ನು ತೋರಿಸಲೆಂದು ಒಂದು ಭಾನುವಾರ ಮನೆಯವರನ್ನೆಲ್ಲ ಹಿಂದಿನ ಕೋಣೆಗೆ ಕರೆದೆ. ತುರುವೇಕೆರೆಯಿಂದ ಬಂದಿದ್ದ ಸೋದರಮಾವ, ಅಂದರೆ ಅಮ್ಮನ ಅಣ್ಣ, ಅವರೂ ಇದ್ದರು. ಯಾವುದೋ ಮದುವೆಯ ಧಾರೆ ಹಾಕಿ, ಅದು ಓಡುತ್ತಿರುವಾಗಲೇ ಒಂದು ಪೆಟ್ಟಿಗೆಯ ವೈರು ಕಿತ್ತೆ. ಧಾರೆ ನಿಲ್ಲಲಿಲ್ಲ. ಇನ್ನೊಂದರದ್ದೂ ಕಿತ್ತೆ. ಅಮ್ಮ "ಅಯ್ಯಯ್ಯೋ, ಬುಡೇ, ಕೆಟ್ಟೋಗ್ತದೆ" ಅಂತ ಕೈ ಹಿಡಿದುಕೊಂಡಳು. ಪರದೆಯ ಮೇಲೆ ಪುರೋಹಿತರು ಮಂತ್ರ ಹೇಳುತ್ತಲೇ ಇದ್ದರು. ಮಾವ ಬೆರಗಾಗಿ, "ಎಲಾ ಇವಳ! ಕಿತ್ರೂ ಓಡ್ತದಲ್ಲೇ!" ಅಂದರು. ಮೂರನೆಯದನ್ನು ಕಿತ್ತು ನಿಂತುಹೋಗುವುದನ್ನೂ ತೋರಿಸಬೇಕೆಂದಿದ್ದೆ. ಅಷ್ಟರಲ್ಲಿ ಕಾಫಿ ಬಂತು, ಎಲ್ಲರೂ ಎದ್ದು ಹೋದರು.

ಟೇಪುಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತಿತ್ತು. ಒಂದೊಂದನ್ನೇ ಹತ್ತಿಯಲ್ಲಿ ಒರೆಸಿ, ಹಳೆಯ ಪ್ಲೇಯರಿಗೆ ಹಾಕಿ ಓಡಿಸಿ, ಎಲ್ಲವನ್ನೂ ಒಳಗೆ ತೆಗೆದುಕೊಂಡೆ. ಮುಗಿದ ದಿನ ಅಣ್ಣ ಬಂದು, "ಎಲ್ಲಾ ಒಳಗೆ ಬಂತಾ?" ಅಂತ ಕೇಳಿದ. ಬಂತು ಅಂದೆ. ಮರುದಿನ ಬೀರು ಖಾಲಿಯಾಗಿತ್ತು, ಟೇಪುಗಳು ಪುರಸಭೆಯ ಕಸದ ಗಾಡಿ ಸೇರಿದ್ದವು. ಹೊರಗಡೆ ಇನ್ನೊಂದು ಕಾಪಿ ಇಡೋಣ, ಎರಡು ದೊಡ್ಡ ಡಿಸ್ಕ್ ಕೊಡಿಸು ಅಂತ ಎಷ್ಟು ಸಲ ಗಿಣಿಗೆ ಹೇಳಿದ ಹಾಗೆ ಹೇಳಿದೆನೋ. "ಎರಡು ಕೆಟ್ರೂ ಓಡ್ತದೆ ಅಂತ ನೀನೇ ತೋರ್ಸಿದ್ದಲ್ಲೇ, ಮತ್ತಿನ್ಯಾಕೆ?" ಅಂತ ಅವನ ಉತ್ತರ.

ಅಮ್ಮನ ವಿಷಯ ಹೇಳಲೇಬೇಕು. ಮಧ್ಯಾಹ್ನ ಊಟವಾದ ಮೇಲೆ ಅವಳು ಸ್ಟುಡಿಯೋಗೆ ಬಂದು, ಹಿಂದಿನ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, "ಒಂದು ಹಾಕೇ" ಅನ್ನುತ್ತಿದ್ದಳು. ಯಾರ ಮದುವೆ ಅಂತ ಕೇಳುತ್ತಿರಲಿಲ್ಲ. ಪರದೆಯನ್ನೂ ನೋಡುತ್ತಿರಲಿಲ್ಲ. ಮೊರದಲ್ಲಿ ಅವರೆಕಾಯಿ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ಕೂತಿರುವಳು. ಅಪ್ಪ ಕೆಮ್ಮಿದರೆ, "ಹೇಳಿದ್ರೆ ಕೇಳೋರಲ್ಲ, ಮಂಜಿನಲ್ಲಿ ಟೋಪಿ ಹಾಕ್ಕೊಂಡು ಹೋಗಿ ಅಂದ್ರೆ" ಅಂತ ಬೈಯುವಳು. ಅವನು ಯಾವಳೋ ಮದುಮಗಳಿಗೆ "ಒಸಿ ನಗವ್ವ" ಅಂದರೆ, "ನಂಗೆ ಒಂದಿನ ಹೇಳ್ಲಿಲ್ಲ ಪುಣ್ಯಾತ್ಮ" ಅಂತ ತಾನೇ ನಗುವಳು. ದಿನಕ್ಕೊಂದು ಮದುವೆ. ಮುಗಿಯದಷ್ಟು ಇದ್ದವು.

ಆಮೇಲೆ ತಮ್ಮನಿಗೆ ಚಿಕ್ಕನಾಯಕನಹಳ್ಳಿಯಲ್ಲಿ ತನ್ನದೇ ಸ್ಟುಡಿಯೋ ಮಾಡುವ ಮನಸ್ಸಾಯಿತು. ಡ್ರೋನು ಹಾರಿಸುವುದು ಅವನಿಗೆ ಬರುತ್ತಿತ್ತು, ಅಣ್ಣನಿಗೆ ಬರುತ್ತಿರಲಿಲ್ಲ. ಹಾಗಾದರೆ ಎಲ್ಲವೂ ಪಾಲಾಗಿಬಿಡಲಿ ಅಂದ ಅಣ್ಣ. ಜಗಳವೇನೂ ಆಗಲಿಲ್ಲ, ಅದು ನಿಜ. ಪಾಲು ಮಾಡಲು ಸೋದರಮಾವ ಬಂದರು. ಜೊತೆಗೆ ಕೊಬ್ಬರಿ ಮಂಡಿ ನಡೆಸಿ ಮಕ್ಕಳಿಗೆ ಬಿಟ್ಟುಕೊಟ್ಟಿದ್ದ ಒಬ್ಬ ಹಿರಿಯರು, ನಮ್ಮ ಕಡೆಯ ಎಷ್ಟೋ ಮನೆಗಳನ್ನು ಪಾಲು ಮಾಡಿ ಹೆಸರಾದವರು. ಅವರನ್ನು ಎಲ್ಲರೂ ಯಜಮಾನರು ಅಂತಲೇ ಕರೆಯುತ್ತಾರೆ.

ನಮ್ಮ ಕಡೆ ಪಾಲಿಗೆ ಒಂದು ರೀತಿ ಇದೆ. ಹಿರಿಯವನು ಎರಡು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಒಳ್ಳೆಯದನ್ನು ತಮ್ಮ ಎತ್ತಿಕೊಂಡುಬಿಟ್ಟಾನೆಂಬ ಭಯಕ್ಕೆ ಅಣ್ಣನಾದವನು ಎರಡನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಮಾಡುತ್ತಾನೆ. ತೋಟದ ತೆಂಗಿಗೆ ಸುಣ್ಣದ ಗುರುತು ಹಾಕಿ ಸಾಲುಸಾಲಾಗಿ ಬಿಡಿಸಿದರು. ಒಂದು ಬೋರ್‌ವೆಲ್ಲಿನ ನೀರು ಒಂದು ದಿನ ಅವನಿಗೆ, ಒಂದು ದಿನ ಇವನಿಗೆ. ಬದುವಿನ ಮೇಲಿನ ಹಲಸಿನ ಮರ ಒಂದು ವರ್ಷ ಅವನಿಗೆ, ಒಂದು ವರ್ಷ ಇವನಿಗೆ. ಇರುವ ಮನೆ ಅಮ್ಮ ಇರುವ ತನಕ ಅಮ್ಮನಿಗೆ, ಆಮೇಲೆ ಇಬ್ಬರಿಗೂ. ನನಗೆ ಬಿಳಿಗೆರೆ ಕಡೆಯ ಎರಡು ಸಾಲು ತೆಂಗು ಕೊಡಿಸಿ, ಹೆಣ್ಣುಮಗಳನ್ನೂ ಮರೆಯಲಿಲ್ಲ ಅನ್ನುವ ಹೆಸರೂ ತೆಗೆದುಕೊಂಡರು.

ಕೊನೆಗೆ ಎಲ್ಲರೂ ಸ್ಟುಡಿಯೋಗೆ ಬಂದರು. ಕ್ಯಾಮೆರಾ, ಲೈಟು, ಸೋಫಾ ಎಲ್ಲಾ ಆಯಿತು. ಯಜಮಾನರು ಹಿಂದಿನ ಕೋಣೆಗೆ ಇಣುಕಿದರು.

"ಏನವ್ವ ಅದು, ಗುಂಯ್ ಅಂತಾವಲ್ಲ?"

"ಸಿಪಿಯು. ಆರಿದಾವೆ," ಅಂದ ಅಣ್ಣ.

"ಆರಾ? ಒಳ್ಳೇದಾಯ್ತು ಬುಡು, ಏಳಿದ್ದಿದ್ರೆ ತಲೆನೋವಾಗೋದು. ಮೂರು ಮೂರು."

"ಅದು ಆರಲ್ಲ ಯಜಮಾನ್ರೇ, ಎಲ್ಲಾ ಸೇರಿ ಒಂದೇ. ಬಿಡಿಸಿದ್ರೆ ಒಳಗಿರೋದೆಲ್ಲ ಹೋಗುತ್ತೆ" ಅಂದೆ.

"ಕಣ್ಣಿಗೆ ಆರು ಕಾಣ್ತಾ ಅವಲ್ಲವ್ವ."

ಆರೂ ಒಬ್ಬರಿಗೇ ಕೊಟ್ಟುಬಿಡಿ, ಅಣ್ಣನಿಗಾದರೂ ಸರಿ ತಮ್ಮನಿಗಾದರೂ ಸರಿ ಅಂದೆ. ಆಗದಿದ್ದರೆ ನಾಲ್ಕು ಎರಡು ಮಾಡಿ, ನಾಲ್ಕು ಇದ್ದ ಕಡೆ ಎಲ್ಲಾ ಉಳಿಯುತ್ತೆ, ಇನ್ನೊಬ್ಬರಿಗೆ ನಾನೇ ಕಾಪಿ ತೆಗೆದುಕೊಡುತ್ತೇನೆ ಅಂದೆ. ಯಜಮಾನರು ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ನನ್ನನ್ನು ನೋಡಿದರು. "ನಾಲ್ಕು ಎರಡಾ? ಅಂಥಾ ಪಾಲು ನನ್ನ ಕೈಲಿ ಇವತ್ತಿನವರ್ಗೂ ಆಗಿಲ್ಲ ಕಣವ್ವ." ಅಣ್ಣ ನಾಲ್ಕು ಎರಡರ ಗುಡ್ಡೆ ಮಾಡಲು ಸುತರಾಂ ಒಪ್ಪಲಿಲ್ಲ. ಮೊದಲು ಆರಿಸುವವನು ತಮ್ಮ, ನಾಲ್ಕರ ಗುಡ್ಡೆಗೇ ಕೈ ಹಾಕುತ್ತಾನೆಂದು ಅವನಿಗೆ ಗೊತ್ತಿತ್ತು.

ನನಗೆ ಆ ತೆಂಗು ಬೇಡ, ಎರಡು ಸಾಲನ್ನೂ ವಾಪಸು ತಗೊಳ್ಳಿ, ಈ ಆರು ಪೆಟ್ಟಿಗೆ ನನಗೆ ಕೊಡಿ ಅಂತ ಕೇಳಿದೆ. ಕೇಳಿದ್ದೇ ತಪ್ಪಾಯಿತು. ಅಣ್ಣ ತಮ್ಮ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಾಲು ಶುರುವಾದಾಗಿನಿಂದ ಅವರಿಬ್ಬರೂ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡದ್ದು ಅದೇ ಮೊದಲು. ಫಲ ಕೊಡುವ ತೆಂಗು ಬಿಟ್ಟು ಗುಜರಿ ಕೇಳುತ್ತಾಳೆಂದರೆ ಏನೋ ಇರಬೇಕು ಅಂತ ಇಬ್ಬರಿಗೂ ಹೊಳೆದುಬಿಟ್ಟಿತು. ನಾನು ಹಟ ಮಾಡಿದಷ್ಟೂ ಆ ಪೆಟ್ಟಿಗೆಗಳ ಬೆಲೆ ಏರುತ್ತಾ ಹೋಯಿತು.

"ನೀನೇ ತೋರ್ಸಿದ್ದಲ್ಲೇ ಆವತ್ತು, ಎರಡು ಕಿತ್ರೂ ಓಡ್ತದೆ ಅಂತ?" ಅಂದರು ಮಾವ.

"ಎರಡು ಮಾವ, ಮೂರಲ್ಲ! ನಾಲ್ಕಾದ್ರೂ ಇರ್ಬೇಕು."

ಯಜಮಾನರು ಬೆರಳು ಮಡಿಸಿ ಲೆಕ್ಕ ಹಾಕಿದರು. "ನಾಲ್ಕಿದ್ರೆ ಪೂರ್ತಿ. ಮೂರಿದ್ರೆ ಮುಕ್ಕಾಲು ಭಾಗನಾದ್ರೂ ಬರ್ಬೇಕಲ್ಲವ್ವ? ಒಸಿ ಊಟದ್ದು ಹೋದ್ರೆ ಹೋಯ್ತು, ಧಾರೆ ಇದ್ರೆ ಸಾಕು."

"ಮುಕ್ಕಾಲಲ್ಲ, ಒಂದು ಚೂರೂ ಬರಲ್ಲ!" ಅಂತ ಕೂಗಿದೆ. ಹಾಗಾದರೆ ಒಂದು ವಾರ ಟೈಮು ಕೊಡಿ, ಡಿಸ್ಕ್ ತಂದು ಎಲ್ಲಾ ಇಳಿಸಿಕೊಂಡುಬಿಡುತ್ತೇನೆ, ಆಮೇಲೆ ನೀವು ಸುತ್ತಿಗೆ ತಗೊಂಡು ಒಡೆದು ಹಂಚಿಕೊಳ್ಳಿ ಅಂದೆ. ನಾಳೆಯಿಂದ ಆಷಾಢ, ಇವತ್ತೇ ಮುಗಿಯಬೇಕು, ತಮ್ಮನ ಟೆಂಪೋ ಆಗಲೇ ಬಾಗಿಲಲ್ಲಿ ನಿಂತಿದೆ ಅಂದರು.

ಅಲ್ಲಿಯವರೆಗೆ ಬಾಗಿಲ ಪಕ್ಕ ಸುಮ್ಮನೆ ಕೂತಿದ್ದ ಅಮ್ಮ, "ಅದ್ರಲ್ಲಿ ಅವ್ರ ಮಾತು ಐತಂತೆ ಕಣಣ್ಣ" ಅಂದಳು ಮಾವನಿಗೆ. ಅಷ್ಟು ಮೆತ್ತಗೆ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಎಲ್ಲೋಗ್ತದೆ ಕಣವ್ವ? ದೊಡ್ಡೋನ ಮನೇಗೆ ಹೋದ್ರೂ ಕೇಳು, ಚಿಕ್ಕೋನ ಮನೇಗೆ ಹೋದ್ರೂ ಕೇಳು. ಮೊದ್ಲು ಒಂದು ಕಡೆ ಕೇಳ್ತಿದ್ದೆ, ಈಗ ಎರಡು ಕಡೆ ಆಯ್ತು" ಅಂದರು ಮಾವ, ಸಮಾಧಾನಕ್ಕೆ. ಎಲ್ಲರೂ ತಲೆ ಆಡಿಸಿದರು. ಅಮ್ಮನೂ ಆಡಿಸಿದಳು. ನನಗೆ ಆವತ್ತು ಅವಳ ಮೇಲೂ ಕೋಪ ಬಂತು, ಅದನ್ನು ಮುಚ್ಚಿಟ್ಟು ಏನಾಗಬೇಕು.

ತಮ್ಮ ಬಂದು ಮೂರನ್ನು ಆರಿಸಿಕೊಂಡ. ಬಣ್ಣ ಕಮ್ಮಿ ಹೋಗಿದ್ದ ಮೂರು. ಆರಕ್ಕೂ ಒಂದೊಂದು ಚೀಟಿ ಅಂಟಿಸಿ 'ಅಳಿಸಬೇಡಿ' ಅಂತ ಕೆಂಪು ಪೆನ್ನಿನಲ್ಲಿ ಬರೆದೆ. ಮಾಡಬಹುದಾದದ್ದು ಇನ್ನೇನೂ ಉಳಿದಿರಲಿಲ್ಲ. ಸ್ವಿಚ್ ಆರಿಸಿದಾಗ ಆ ಕೋಣೆ ಅಷ್ಟು ನಿಶ್ಶಬ್ದವಾದದ್ದು ಎಷ್ಟೋ ವರ್ಷದಲ್ಲಿ ಅದೇ ಮೊದಲು. ಯಜಮಾನರು, "ಒಂದು ಕಣ್ಣಿಗೆ ಬೆಣ್ಣೆ ಒಂದು ಕಣ್ಣಿಗೆ ಸುಣ್ಣ ಅಂತ ಯಾರೂ ಅನ್ನಂಗಿಲ್ಲ" ಅಂತ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು.

ಆಷಾಢ ಕಳೆಯುವುದರೊಳಗೆ ಇಬ್ಬರಿಂದಲೂ ಫೋನು ಬಂತು. ನಿನ್ನ ಮಿಷಿನ್ನಲ್ಲಿ ಏನೂ ಕಾಣಿಸ್ತಿಲ್ಲ, ಪಾಸ್‌ವರ್ಡ್ ಏನಾದ್ರೂ ಹಾಕಿದೀಯೇನು ಅಂತ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಯಜಮಾನರ ಮನೆಗೇ ಹೋಗಿ ಹೇಳಿದೆ, ನೋಡಿ, ಇಬ್ಬರಿಗೂ ಏನೂ ಬರುತ್ತಿಲ್ಲ ಅಂತ. ಅವರು ಜಗಲಿಯ ಮೇಲೆ ಕೂತು ಪೇಪರ್ ಓದುತ್ತಿದ್ದರು. ಕನ್ನಡಕ ತೆಗೆದು ಕೇಳಿದರು:

"ಇಬ್ಬರಿಗೂ ಬರ್ತಿಲ್ಲ ತಾನೆ?"

"ಹೂಂ."

"ಹಂಗಾದ್ರೆ ಯಾರಿಗೂ ಮೋಸ ಆಗಿಲ್ಲ ಬುಡವ್ವ."

ಒಂದೇ ಒಂದು ಪೆಟ್ಟಿಗೆ ಸಾಕಿತ್ತು. ಇಬ್ಬರಲ್ಲಿ ಯಾರಾದರೊಬ್ಬರು ಒಂದನ್ನು ಇನ್ನೊಬ್ಬನ ಮೂರರ ಪಕ್ಕ ಕೆಲವು ದಿನ ಇಟ್ಟಿದ್ದರೆ, ಎಲ್ಲಾ ವಾಪಸು ಬರುತ್ತಿತ್ತು. ಅಣ್ಣನನ್ನು ಕೇಳಿದರೆ, "ಅವನು ಕೊಡ್ಲಿ. ನಾನ್ಯಾಕೆ ಎರಡಕ್ಕಿಳೀಲಿ?" ತಮ್ಮನನ್ನು ಕೇಳಿದರೆ, "ಹಿರಿಯ ಅವನು, ಅವನು ಮೊದ್ಲು ಕೊಡ್ಬೇಕು ಕಣಕ್ಕ. ನಾನು ಒಂದು ಕೊಟ್ರೆ ಅವನ್ದು ನಾಲ್ಕಾಗ್ತದೆ, ಆಮೇಲೆ ಹಳೇ ಗಿರಾಕಿಗಳೆಲ್ಲ ಅವನ ಹತ್ರಾನೇ ಹೋಗ್ತಾರೆ." ಸರಿ, ಇಬ್ಬರೂ ನನ್ನ ಮನೆಗೆ ತಂದಿಡಿ ಅಂದೆ. "ನಿನ್ನ ಮನೆ ಅಂದ್ರೆ ಯಾವ್ದು?" ಅಂತ ಕೇಳಿದ ಅಣ್ಣ. ನಗುತ್ತಲೇ ಕೇಳಿದ. ಆ ಮಾತನ್ನು ನಾನು ಸಾಯುವ ತನಕ ಮರೆಯುವುದಿಲ್ಲ, ಮರೆಯುವ ಇಷ್ಟವೂ ನನಗಿಲ್ಲ.

ಅಣ್ಣನ ಪಾಲಿಗೆ ಬಂದಿದ್ದ ಹಳೆಯ ಸ್ಟುಡಿಯೋಗೆ ಆಮೇಲೆ ನಾನು ಕಾಲಿಡಲಿಲ್ಲ. ತಿಂಗಳುಗಳು ಹೀಗೇ ಕಳೆದವು. ಅಮ್ಮ ಮಧ್ಯಾಹ್ನದ ಊಟ ಮುಗಿಸಿ ಅಡುಗೆಮನೆಯಲ್ಲೇ ಕೂತಿರತೊಡಗಿದಳು. ಟಿವಿ ಹಾಕಿದರೆ ಆರಿಸು ಅನ್ನುತ್ತಿದ್ದಳು. ಒಂದು ದಿನ ಇದ್ದಕ್ಕಿದ್ದಂತೆ ಎದ್ದು ಸೀರೆ ಬದಲಾಯಿಸಿಕೊಂಡು, "ನಡಿಯೇ, ಚಿಕ್ಕೋನ ಹತ್ರ ಹೋಗಾಣ" ಅಂದಳು.

ಚಿಕ್ಕನಾಯಕನಹಳ್ಳಿಯ ಬಸ್ಸು ಹತ್ತಿ ಹೋದೆವು. ತಮ್ಮ ಹೊಸ ಸ್ಟುಡಿಯೋದ ಗಾಜಿನ ಬಾಗಿಲು ತೆಗೆದು ಅಮ್ಮನಿಗೆ ತಿರುಗುವ ಕುರ್ಚಿ ಹಾಕಿದ. ಅವಳು ಕೂರಲಿಲ್ಲ.

"ಪಾಲಿನಾಗೆ ನಾನು ಏನೂ ಕೇಳ್ಲಿಲ್ಲ ಕಣಪ್ಪ. ಈಗ ಕೇಳ್ತಾ ಇದೀನಿ. ಒಂದು ಡಬ್ಬ ಕೊಡು. ಅವ್ರ ಮಾತು ಕೇಳ್ಬೇಕು ಅನ್ನಿಸ್ತದೆ."

ತಮ್ಮನ ಕಣ್ಣು ತುಂಬಿತು. ಕಲ್ಲಲ್ಲ ಅವನು, ಸೆಟೆದುಕೊಂಡಿದ್ದ, ಅಷ್ಟೇ. ಒಳಗೆ ಹೋಗಿ ಧೂಳು ಒರೆಸಿ ಒಂದನ್ನು ತಂದ. ನನ್ನ ಚೀಟಿ ಅದರ ಮೇಲೆ ಹಾಗೇ ಇತ್ತು. ಹಳೆಯ ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಕೊಟ್ಟು, "ಅಣ್ಣನಿಗೆ ಹೇಳಕ್ಕ, ನಾನೇ ಮೊದ್ಲು ಕೊಟ್ಟೆ ಅಂತ" ಅಂದ. ಹೇಳ್ತೀನಿ ಬಿಡು ಅಂದೆ. ವಾಪಸು ಬರುವಾಗ ಕಂಡಕ್ಟರ್ ಅದನ್ನು ಇಂಜಿನ್ ಪಕ್ಕ ಇಡಿ ಅಂದರೆ ಅಮ್ಮ ಕೊಡಲಿಲ್ಲ. ತಿಪಟೂರಿನವರೆಗೂ ತೊಡೆಯ ಮೇಲೆ ಇಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಳ್ಳುತ್ತಿದ್ದಳು. ಮೊದಲು ಯಾವ ಮದುವೆ ಹಾಕುತ್ತೀಯ ಅಂತ ಕೇಳಿದಳು. ನೀನು ಹೇಳಿದ್ದು ಅಂದೆ. ಬಹಳ ದಿನದ ಮೇಲೆ ಇಬ್ಬರೂ ನಕ್ಕೆವು.

ಬಸ್ ಸ್ಟ್ಯಾಂಡಿನಿಂದ ನೇರ ಅಣ್ಣನ ಸ್ಟುಡಿಯೋಗೆ ಹೋದೆವು. ನಾಲ್ಕನೆಯದು ಬಂದಿದೆ, ನಿನ್ನ ಮೂರನ್ನು ಆನ್ ಮಾಡು ಅಂದೆ. ಕೌಂಟರಿನ ಕೆಳಗೆ ಅವನ ಮೂರೂ ಪೆಟ್ಟಿಗೆ ಓಡುತ್ತಲೇ ಇದ್ದವು. ಮೇಲಿನ ಮಾನಿಟರಿನಲ್ಲಿ ಬೇರೆಯದೇ ನೀಲಿ ಪರದೆ, ಬಿಲ್ಲು ಹಾಕುವ ಸಾಫ್ಟ್‌ವೇರು. ಚೀಟಿಗಳಿರಲಿಲ್ಲ, ಅವುಗಳ ಗೋಂದಿನ ಗುರುತು ಇತ್ತು.

"ಇವೇನಣ್ಣ?"

"ಸುಮ್ನೆ ಬಿದ್ದಿದ್ವಲ್ಲ ಅಂತ ಹೋದ ತಿಂಗ್ಳು ಫಾರ್ಮ್ಯಾಟ್ ಹೊಡೆಸ್ದೆ."

"ಮೂರೂನಾ?"

"ಹೂಂ. ಯಾಕೆ? ಫ್ರೀ ಸಾಫ್ಟ್‌ವೇರೇ ತಾನೆ ಅದ್ರಲ್ಲಿದ್ದಿದ್ದು? ಮತ್ತೆ ಡೌನ್‌ಲೋಡ್ ಮಾಡ್ಕಂಡ್ರೆ ಆಯ್ತಪ್ಪ."

ಗಿರಾಕಿಗಳಿದ್ದರು, ಲೆಕ್ಕಿಸಲಿಲ್ಲ. "ಅಪ್ಪನ್ನೂ ಡೌನ್‌ಲೋಡ್ ಮಾಡ್ಕೋತೀಯಾ? ಮಾಡ್ಕೋ! ಎಲ್ಲಿ, ಈಗ್ಲೇ ಮಾಡು, ನೋಡ್ತೀನಿ!" ಅಂತ ಕಿರುಚಿದೆ. ಅಣ್ಣ ಒಂದು ಸಲ ಪೆಟ್ಟಿಗೆ ನೋಡಿದ, ಒಂದು ಸಲ ಅಮ್ಮನನ್ನು ನೋಡಿದ. ಇನ್ನು ಉಳಿದದ್ದು ತಮ್ಮನ ಮೂರೇ, ನಾಲ್ಕು ಯಾವತ್ತೂ ಆಗುವುದಿಲ್ಲ ಅಂತ ಅವನಿಗೆ ಅರ್ಥವಾದದ್ದು ಆಗ.

"ನೀನು ಬಿಡಿಸಿ ಹೇಳ್ಬೇಕಿತ್ತು" ಅಂದ.

ಕೈಗೆ ಸಿಕ್ಕಿದ್ದನ್ನು ಎತ್ತಿ ಹಾಕಬೇಕೆನ್ನಿಸಿತು. ಅಮ್ಮ ನನ್ನ ರಟ್ಟೆ ಹಿಡಿದು, "ನಡಿಯೇ ಮನೇಗೆ" ಅಂದಳು. ಗಂಟನ್ನು ಅವಳೇ ಎತ್ತಿಕೊಂಡಳು.

ಆಟೋದಲ್ಲಿ ಕೇಳಿದಳು: "ಹಂಗಾದ್ರೆ ಇದ್ರಾಗೆ ಅವ್ರು ಇಲ್ವೇನೇ?"

"ಇದಾರೆ. ಒಂದೊಂದು ಮದ್ವೇದೂ ಒಂದೊಂದು ಚೂರು ಇದೆ. ಕೇಳ್ಸಲ್ಲ."

"ಇದ್ದೂ ಕೇಳ್ಸಲ್ವಾ?"

"ಇದ್ದೂ ಕೇಳ್ಸಲ್ಲಮ್ಮ. ಇನ್ನು ಯಾವತ್ತೂ ಕೇಳ್ಸಲ್ಲ."

ಮನೆಗೆ ಬಂದ ಮೇಲೆ ಅವಳು ಗಂಟು ಬಿಚ್ಚಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು, "ಹಾಕು" ಅಂದಳು. ಪ್ರಯೋಜನ ಇಲ್ಲಮ್ಮ ಅಂದೆ. "ಹಾಕೇ ಅಂದ್ರೆ" ಅಂತ ಗದರಿದಳು. ಅವಳ ಸಮಾಧಾನಕ್ಕಾಗಲಿ ಎಂದು ಹಳೆಯ ಮಾನಿಟರು ಸೇರಿಸಿ ಆನ್ ಮಾಡಿದೆ. ಫ್ಯಾನು ತಿರುಗಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸಾಲಾಗಿ ಬಂದವು, ಕೊನೆಗೆ ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು. ಅಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಪರದೆಯನ್ನು ಅವಳು ನೆಟ್ಟ ನೋಟದಿಂದ ನೋಡಿದ್ದು ಅದೇ ಮೊದಲು.

"ಏನಂತದೆ?"

"ಉಳಿದ ಐದು ಎಲ್ಲಿ ಅಂತ ಕೇಳ್ತಾ ಇದೆ."



"ಪಾಲಾಯ್ತು ಅಂತ ಹೇಳು" ಅಂದಳು.